ಸಂಸ್ಕೃತ ಉಪನ್ಯಾಸಕರ ಅರ್ಹತಾ ವ್ಯಾಜ್ಯಕ್ಕೆ ನ್ಯಾಯಾಲಯಗಳ ಉಚಿತ ತೀರ್ಪು ಶೋಧ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಸಾಂಪ್ರದಾಯಿಕ ಸಂಸ್ಕೃತ ಶಿಕ್ಷಣದ ಮೇಲ್ಹಂತವಾದ ವಿದ್ವದುತ್ತಮಾ ಮುಗಿಸಿದವರು, ವ್ಯಾಕರಣದಲ್ಲೋ ನ್ಯಾಯದಲ್ಲೋ (ತರ್ಕಶಾಸ್ತ್ರ) ಆಚಾರ್ಯ ಎಂಬ ಸ್ನಾತಕೋತ್ತರ ಪದವಿ ಪಡೆದವರು ಸಂಸ್ಕೃತ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕುತ್ತಾರೆ. ಪರೀಕ್ಷೆಯೂ ಆಗುತ್ತದೆ, ಅಂಕವೂ ಬರುತ್ತದೆ. ದಾಖಲೆ ಪರಿಶೀಲನೆಯ ದಿನ ಮಾತ್ರ 'ನಿಗದಿತ ವಿದ್ಯಾರ್ಹತೆ ಹೊಂದಿರುವುದಿಲ್ಲ' ಎಂಬ ಒಂದು ಸಾಲಿನ ಹಿಂಬರಹ ಕೈಗೆ ಬರುತ್ತದೆ. ಇದರ ತಿರುಗುಮುರುಗು ಪ್ರಸಂಗವೂ ಅಷ್ಟೇ ಸಾಮಾನ್ಯ: ಶಾಸ್ತ್ರದ ಹುದ್ದೆಗೆ ಬರೀ ಸಂಸ್ಕೃತ ಎಂ.ಎ. ಆದವರು ಆಯ್ಕೆಯಾಗುತ್ತಾರೆ, ಶಾಸ್ತ್ರ ಓದಿದವರು ಹೊರಗುಳಿಯುತ್ತಾರೆ. ಎರಡೂ ಕಡೆ ಮುಂದಿನ ಪ್ರಶ್ನೆ ಒಂದೇ. ಇಂಥ ತಕರಾರಿನಲ್ಲಿ ನ್ಯಾಯಾಲಯಗಳು ಇದುವರೆಗೆ ಏನು ಹೇಳಿವೆ?

ಮೊದಲೆಲ್ಲ ಇದಕ್ಕೆ ಉತ್ತರ ವಕೀಲರ ಕಚೇರಿಯ ಗ್ರಂಥಭಂಡಾರದಲ್ಲೋ ದುಬಾರಿ ಚಂದಾದ ದತ್ತಸಂಚಯಗಳಲ್ಲೋ ಮಾತ್ರ ಇರುತ್ತಿತ್ತು. ಈಗ ಸರ್ಕಾರದ ಮೂರು ಸೇವೆಗಳು ಕಾಸಿಲ್ಲದೆ ಸಿಗುತ್ತವೆ: ಎಲ್ಲ ಹೈಕೋರ್ಟ್‌ಗಳ ತೀರ್ಪುಗಳಿರುವ ಇ-ಕೋರ್ಟ್ಸ್ ತೀರ್ಪು ಪೋರ್ಟಲ್, ಸುಪ್ರೀಂ ಕೋರ್ಟಿನ ಡಿಜಿ-ಎಸ್‌ಸಿಆರ್, ಪ್ರಕರಣದ ಸ್ಥಿತಿ ತಿಳಿಸುವ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್. ಸಂಸ್ಕೃತ ಉಪನ್ಯಾಸಕರ ಅರ್ಹತೆ ಎಂಬ ಈ ಒಂದು ಕಿರಿದಾದ ಕೆಲಸಕ್ಕೆ ಇವು ಎಷ್ಟು ಒದಗುತ್ತವೆ ಎನ್ನುವುದಷ್ಟೇ ಇಲ್ಲಿನ ವಿಮರ್ಶೆ.

ಮೊದಲು ಹೈಕೋರ್ಟ್ ಪೋರ್ಟಲ್. ಬಳಸುವ ಕ್ರಮ ಸರಳ. ಪುಟ ತೆರೆದು, ಹುಡುಕುವ ಪದ ಬರೆದು, ಕ್ಯಾಪ್ಚಾ ತುಂಬಿದರೆ ಪಟ್ಟಿ ಬರುತ್ತದೆ. ಆಮೇಲೆ ಹೈಕೋರ್ಟ್, ವರ್ಷ, ನ್ಯಾಯಮೂರ್ತಿ ಎಂದು ಸೋಸಬಹುದು. ಬರೆದ ಪದಗಳಲ್ಲಿ ಯಾವುದಾದರೂ ಒಂದು ಇದ್ದರೆ ಸಾಕೇ, ಎಲ್ಲವೂ ಇರಬೇಕೇ, ಅಥವಾ ಅದೇ ಪದಗುಚ್ಛ ಹಾಗೆಯೇ ಬರಬೇಕೇ ಎಂಬುದನ್ನೂ ಆರಿಸಬಹುದು. ಹೆಚ್ಚಿನವರು ಎಡವುವುದು ಈ ಆಯ್ಕೆಯಲ್ಲೇ. 'ಸ್ಯಾನ್ಸ್‌ಕ್ರಿಟ್ ಲೆಕ್ಚರರ್ ಕ್ವಾಲಿಫಿಕೇಶನ್' ಎಂದು ಬರೆದು ಯಾವುದಾದರೂ ಪದ ಸಾಕು ಎಂದು ಬಿಟ್ಟರೆ ಕ್ವಾಲಿಫಿಕೇಶನ್ ಎಂಬ ಪದವಿರುವ ಸಾವಿರಾರು ತೀರ್ಪುಗಳು ಬಂದು ಬೀಳುತ್ತವೆ. ಎಲ್ಲ ಪದಗಳೂ ಇರಲಿ ಎಂದು ಆರಿಸಿ, 'ಸ್ಯಾನ್ಸ್‌ಕ್ರಿಟ್', 'ಆಚಾರ್ಯ', 'ಈಕ್ವಿವಲೆಂಟ್' ಎಂಬ ಮೂರೇ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಬೇಕು. ಪಟ್ಟಿ ಓದಬಹುದಾದಷ್ಟಕ್ಕೆ ಇಳಿಯುತ್ತದೆ.

ಪೋರ್ಟಲ್‌ನ ದೊಡ್ಡ ಕೊರತೆ ಕಾಗುಣಿತ. ತೀರ್ಪುಗಳು ಇಂಗ್ಲಿಷಿನಲ್ಲಿವೆ, ನಮ್ಮ ಪದವಿಗಳ ಹೆಸರು ಸಂಸ್ಕೃತದಲ್ಲಿವೆ. ವಿದ್ವತ್ ಎಂಬುದನ್ನು ಒಬ್ಬ ಬೆರಳಚ್ಚುಗಾರರು 'ಡಬ್ಲ್ಯೂ' ಹಾಕಿ ಬರೆಯುತ್ತಾರೆ, ಇನ್ನೊಬ್ಬರು 'ವಿ' ಹಾಕುತ್ತಾರೆ. ಕೊನೆಯಲ್ಲಿ ಬರೀ 'ಟಿ' ಇರಬಹುದು, 'ಟಿಎಚ್' ಇರಬಹುದು. ಅಲ್ಲಿಗೆ ಒಂದೇ ಪದವಿಗೆ ನಾಲ್ಕು ಕಾಗುಣಿತ, ನಾಲ್ಕು ಸಲ ಹುಡುಕಾಟ. ಹೋಲುವ ಕಾಗುಣಿತಗಳನ್ನು ಪೋರ್ಟಲ್ ತಾನಾಗಿ ಒಟ್ಟುಗೂಡಿಸುತ್ತದೆ ಎಂದು ನಂಬಿ ಕೂರಬಾರದು. ಸಂಸ್ಕೃತ ಎಂಬ ಪದಕ್ಕೇ 'ಸ್ಯಾನ್ಸ್‌ಕ್ರಿಟ್', 'ಸಂಸ್ಕೃತ', 'ಸಂಸ್ಕೃತಂ' ಎಂಬ ರೂಪಗಳಿವೆ. ಬೇರೆ ರಾಜ್ಯಗಳ ತೀರ್ಪು ಬೇಕಾದರೆ ಅಲ್ಲಿನ ಪದವಿಗಳ ಹೆಸರು ಗೊತ್ತಿರಬೇಕು: ಮದ್ರಾಸ್ ಮತ್ತು ಕೇರಳದ ಕಡೆ ಶಿರೋಮಣಿ, ಆಂಧ್ರದಲ್ಲಿ ಭಾಷಾಪ್ರವೀಣ, ಬಂಗಾಳದಲ್ಲಿ ತೀರ್ಥ ಎಂದು ಕೊನೆಯಾಗುವ ಪದವಿಗಳು, ಉತ್ತರದಲ್ಲಿ ಶಾಸ್ತ್ರಿ ಮತ್ತು ಆಚಾರ್ಯ. ವಾರಾಣಸಿಯ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯಕ್ಕೆ ಸೇರಿದ ಮಹಾವಿದ್ಯಾಲಯಗಳ ಜಗಳ ಅಲಹಾಬಾದ್ ಹೈಕೋರ್ಟಿಗೆ, ದರ್ಭಂಗಾದ ಕಾಮೇಶ್ವರ ಸಿಂಗ್ ಸಂಸ್ಕೃತ ವಿಶ್ವವಿದ್ಯಾಲಯದ್ದು ಪಟ್ನಾಕ್ಕೆ, ಕಾಲಡಿಯದು ಕೇರಳ ಹೈಕೋರ್ಟಿಗೆ ಹೋಗುತ್ತದೆ. ಕರ್ನಾಟಕದ ಪಟ್ಟಿ ಬರಿದಾಗಿ ಕಂಡರೆ ಈ ಮೂರನ್ನು ಹುಡುಕಿ ನೋಡುವುದು ವ್ಯರ್ಥವಲ್ಲ. ಇನ್ನೊಂದು ಹೈಕೋರ್ಟಿನ ತೀರ್ಪು ನಮ್ಮ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ವಾದಕ್ಕೆ ದಾರಿ ತೋರಿಸುತ್ತದೆ.

ಹಳೆಯ ತೀರ್ಪಿನ ಕಡತದಲ್ಲಿ ಪುಟದ ಚಿತ್ರ ಮಾತ್ರ ಇದ್ದರೆ ಪದದಿಂದ ಹುಡುಕಿದಾಗ ಅದು ಸಿಗುವುದಿಲ್ಲ. ಪ್ರಕರಣದ ಸಂಖ್ಯೆಯೋ ಪಕ್ಷಗಾರರ ಹೆಸರೋ ಬೇಕು.

ಕರ್ನಾಟಕ ಹೈಕೋರ್ಟಿನ ತೀರ್ಪುಗಳಲ್ಲಿ ಒಂದು ಅನುಕೂಲವಿದೆ, ಅದನ್ನು ಬಳಸುವವರು ಕಡಿಮೆ. ರಿಟ್ ಅರ್ಜಿಯ ಸಂಖ್ಯೆಯ ಪಕ್ಕದಲ್ಲಿ ವಿಷಯದ ಗುರುತು ಇರುತ್ತದೆ: 'ಎಸ್-ಆರ್‌ಇಎಸ್' ಎಂದರೆ ಸೇವಾ ವಿಷಯ, 'ಎಸ್-ಕೆಎಸ್‌ಎಟಿ' ಎಂದರೆ ಆಡಳಿತ ನ್ಯಾಯಮಂಡಳಿಯ ಆದೇಶದ ಮೇಲೆ ಬಂದ ಅರ್ಜಿ. ಈ ಗುರುತನ್ನೂ ಸಂಸ್ಕೃತ ಎಂಬ ಪದವನ್ನೂ ಒಟ್ಟಿಗೆ ಕೊಟ್ಟರೆ ಶಾಲಾ ಮಾನ್ಯತೆ, ಅನುದಾನದಂಥ ಬೇರೆ ವ್ಯಾಜ್ಯಗಳು ಬಹುಮಟ್ಟಿಗೆ ಬದಿಗೆ ಸರಿಯುತ್ತವೆ. 2023ರಿಂದೀಚಿನ ತೀರ್ಪುಗಳ ಮೇಲೆ ತಟಸ್ಥ ಉಲ್ಲೇಖ ಸಂಖ್ಯೆ (ನ್ಯಾಯಾಲಯವೇ ಕೊಡುವ ಗುರುತಿನ ಸಂಖ್ಯೆ) ಇದೆ. ಅದರಲ್ಲಿ 'ಕೆಎಚ್‌ಸಿ' ಎಂದಷ್ಟೇ ಇದ್ದರೆ ಬೆಂಗಳೂರು, 'ಡಿ' ಸೇರಿದ್ದರೆ ಧಾರವಾಡ ಪೀಠ, 'ಕೆ' ಸೇರಿದ್ದರೆ ಕಲಬುರಗಿ ಪೀಠ. ಕೊನೆಯಲ್ಲಿ 'ಡಿಬಿ' ಎಂದಿದ್ದರೆ ಅದು ವಿಭಾಗೀಯ ಪೀಠದ ತೀರ್ಪು, ಏಕಸದಸ್ಯ ಪೀಠದ ತೀರ್ಪಿಗಿಂತ ಅದಕ್ಕೆ ತೂಕ ಹೆಚ್ಚು. ತೀರ್ಪು ಇಳಿಸಿಕೊಂಡ ಕೂಡಲೇ ಮೊದಲು ನೋಡಬೇಕಾದದ್ದು ಇದನ್ನೇ.

ಇನ್ನು ಡಿಜಿ-ಎಸ್‌ಸಿಆರ್. ಸುಪ್ರೀಂ ಕೋರ್ಟಿನ ಅಧಿಕೃತ ತೀರ್ಪು ವರದಿಗಳನ್ನು ಉಚಿತವಾಗಿ ಕೊಡುವ ಇ-ಎಸ್‌ಸಿಆರ್ 2023ರ ಜನವರಿ 2ರಂದು ಶುರುವಾಯಿತು. ಡಿಜಿ-ಎಸ್‌ಸಿಆರ್ ಅದರ ಮುಂದಿನ ರೂಪ. ಮೂರು ಸೇವೆಗಳಲ್ಲಿ ಅತ್ಯುತ್ತಮವಾದದ್ದು ಇದೇ. ತೀರ್ಪಿನ ಆರಂಭದಲ್ಲಿ ಸಾರಾಂಶದ ಟಿಪ್ಪಣಿ ಇರುತ್ತದೆ, ಯಾವ ಹಳೆಯ ತೀರ್ಪುಗಳನ್ನು ಅನುಸರಿಸಿದೆ, ಯಾವುದನ್ನು ಬೇರ್ಪಡಿಸಿದೆ ಎಂಬ ಪಟ್ಟಿ ಇರುತ್ತದೆ. ಈ ಪಟ್ಟಿ ಹಿಡಿದು ಒಂದು ತೀರ್ಪಿನಿಂದ ಇನ್ನೊಂದಕ್ಕೆ ಹೋಗಬಹುದು. ಸಂಸ್ಕೃತ ಹುದ್ದೆಯ ವಿಚಾರಕ್ಕೆ ಸುಪ್ರೀಂ ಕೋರ್ಟಿನ ತತ್ವಗಳು ಹೆಚ್ಚಾಗಿ ಬೇರೆ ವಿಷಯಗಳ ಹುದ್ದೆಗಳಿಂದಲೇ ಬರುವುದರಿಂದ ಇಲ್ಲಿ 'ಸಂಸ್ಕೃತ' ಎಂದು ಹುಡುಕಬೇಡಿ. ಪ್ರಕರಣದ ಹೆಸರಿನಿಂದ ಹೋಗಿ.

ಮೊದಲು ತೆಗೆಯಬೇಕಾದವು ಕರ್ನಾಟಕದ್ದೇ ಮೂರು. ಮೈಸೂರು ವಿಶ್ವವಿದ್ಯಾಲಯ ವಿರುದ್ಧ ಸಿ.ಡಿ. ಗೋವಿಂದರಾವ್, 1963ರ ತೀರ್ಪು. ಇಂಗ್ಲಿಷ್ ರೀಡರ್ ಹುದ್ದೆಗೆ ಆಯ್ಕೆಯಾದವರ ವಿದೇಶಿ ಪದವಿ ತತ್ಸಮಾನವೇ ಎಂಬ ತಕರಾರು. ಪರಿಣತರ ಮಂಡಳಿ ನೋಡಿ ಒಪ್ಪಿದ್ದನ್ನು ನ್ಯಾಯಾಲಯ ಸುಲಭವಾಗಿ ಕೆದಕಬಾರದು ಎಂದು ಸಂವಿಧಾನ ಪೀಠ ಹೇಳಿತು. 2010ರ ಬಸವಯ್ಯ ವಿರುದ್ಧ ಎಚ್.ಎಲ್. ರಮೇಶ್ ಪ್ರಕರಣವೂ ಮೈಸೂರು ವಿಶ್ವವಿದ್ಯಾಲಯದ್ದೇ, ರೇಷ್ಮೆ ಕೃಷಿ ವಿಭಾಗದ ರೀಡರ್ ಹುದ್ದೆಗಳು. ಹೈಕೋರ್ಟ್ ರದ್ದು ಮಾಡಿದ್ದ ನೇಮಕವನ್ನು ಸುಪ್ರೀಂ ಕೋರ್ಟ್ ಅದೇ ತತ್ವದ ಮೇಲೆ ಉಳಿಸಿತು. ಈ ಎರಡನ್ನೇ ಓದಿದವರು ಆಯ್ಕೆ ಸಮಿತಿ ಮಾಡಿದ್ದೇ ಅಂತಿಮ ಎಂದು ಕೈಚೆಲ್ಲಿಬಿಡುತ್ತಾರೆ. ಹಾಗಾಗಿ ಮೂರನೆಯದನ್ನು ಓದಲೇಬೇಕು: ಗಣಪತ್ ಸಿಂಗ್ ರಜಪೂತ್ ವಿರುದ್ಧ ಗುಲ್ಬರ್ಗ ವಿಶ್ವವಿದ್ಯಾಲಯ, 2014ರ ಎಸ್‌ಸಿಸಿ (ಸುಪ್ರೀಂ ಕೋರ್ಟ್ ಕೇಸಸ್ ಎಂಬ ವರದಿ ಮಾಲೆ) 3ನೇ ಸಂಪುಟ, ಪುಟ 767. ಎಂ.ಸಿ.ಎ. ಕೋರ್ಸಿನ ಉಪನ್ಯಾಸಕ ಹುದ್ದೆಗೆ ಗಣಿತದ ಸ್ನಾತಕೋತ್ತರ ಪದವಿ 'ಸಂಬಂಧಿತ ವಿಷಯ'ವಾಗುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಆಗುವುದಿಲ್ಲ ಎಂದಿತು ನ್ಯಾಯಾಲಯ, ನೇಮಕ ಉಳಿಯಲಿಲ್ಲ.

ಸಂಸ್ಕೃತ ಕಾಲೇಜುಗಳಿಗೆ ಈ ಮೂರನೆಯ ತೀರ್ಪು ನೇರವಾಗಿ ತಟ್ಟುತ್ತದೆ ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಿಗೆ ಕೇಳುವುದು 'ಸಂಬಂಧಪಟ್ಟ, ಪ್ರಸ್ತುತವಾದ ಅಥವಾ ಪೂರಕ ವಿಷಯ'ದಲ್ಲಿ ಶೇ 55 ಅಂಕಗಳ ಸ್ನಾತಕೋತ್ತರ ಪದವಿ. ನವ್ಯನ್ಯಾಯದ (ತರ್ಕಶಾಸ್ತ್ರದ ಹೊಸ ಶಾಖೆ) ಹುದ್ದೆಗೆ ಸಾಹಿತ್ಯದ ಆಚಾರ್ಯ ಪೂರಕವೇ? ಅದ್ವೈತ ವೇದಾಂತದ ಹುದ್ದೆಗೆ ಸಾಮಾನ್ಯ ಸಂಸ್ಕೃತ ಎಂ.ಎ. ಪ್ರಸ್ತುತವೇ? ನವ್ಯನ್ಯಾಯದ ಗ್ರಂಥವಾದ ಗಾದಾಧರಿಯ ಒಂದು ಪುಟವನ್ನು ಪಾಠ ಹೇಳಲು ಬಾರದವರು ನ್ಯಾಯಶಾಸ್ತ್ರದ ಅಧ್ಯಾಪಕ ಪೀಠದಲ್ಲಿ ಕೂತರೆ ನಷ್ಟ ವಿದ್ಯಾರ್ಥಿಗೂ ಶಾಸ್ತ್ರಕ್ಕೂ. ಹಾಗೆಂದು ಎಂ.ಎ. ಆದವರೆಲ್ಲ ಅನರ್ಹರೆಂದು ಹೇಳುವುದೂ ನ್ಯಾಯವಲ್ಲ; ಅಧಿಸೂಚನೆಯಲ್ಲಿ ಹುದ್ದೆಯ ಶಾಸ್ತ್ರವನ್ನು ಹೆಸರಿಸದೆ ಬರೀ 'ಸಂಸ್ಕೃತ' ಎಂದು ಬರೆದಿದ್ದರೆ ಅವರ ಹಕ್ಕೂ ಗಟ್ಟಿಯೇ. ವ್ಯಾಜ್ಯದ ಬೇರು ಬಹಳ ಸಲ ಅಧಿಸೂಚನೆಯ ಈ ಸಡಿಲ ಬರವಣಿಗೆಯಲ್ಲೇ ಇದೆ.

ತತ್ಸಮಾನದ ಬಗ್ಗೆ ಇನ್ನೊಂದು ತೀರ್ಪು: ಜಹೂರ್ ಅಹ್ಮದ್ ರಾಥರ್, 2018. ಅಧಿಸೂಚನೆಯಲ್ಲಿ ಹೇಳಿದ ಅರ್ಹತೆಯನ್ನು ನ್ಯಾಯಾಲಯ ಹಿಗ್ಗಿಸುವಂತಿಲ್ಲ, ಯಾವ ಪದವಿ ಯಾವುದಕ್ಕೆ ಸಮ ಎಂಬುದನ್ನು ನೇಮಕ ಮಾಡುವವರೇ ತೀರ್ಮಾನಿಸಬೇಕು ಎಂಬುದು ಅದರ ತಿರುಳು. ವಿದ್ವದುತ್ತಮಾ ಹೊಂದಿದವರು 'ನನ್ನದು ಎಂ.ಎ.ಗಿಂತ ಮೇಲು' ಎಂದು ನ್ಯಾಯಾಲಯದಲ್ಲಿ ಎಷ್ಟೇ ಸಮರ್ಥವಾಗಿ ವಾದಿಸಿದರೂ, ಸಮಾನತೆ ಸಾರುವ ಸರ್ಕಾರಿ ಆದೇಶವೋ ವಿಶ್ವವಿದ್ಯಾಲಯದ ಅಧಿಸೂಚನೆಯೋ ಕೈಯಲ್ಲಿ ಇಲ್ಲದಿದ್ದರೆ ಈ ತೀರ್ಪು ಎದುರು ನಿಲ್ಲುತ್ತದೆ.

ದಿನಾಂಕದ ತಕರಾರಿಗೆ ರೇಖಾ ಚತುರ್ವೇದಿ ವಿರುದ್ಧ ರಾಜಸ್ಥಾನ ವಿಶ್ವವಿದ್ಯಾಲಯ ಸಾಕು. ಅಧಿಸೂಚನೆ ಬೇರೆ ದಿನ ಹೇಳದಿದ್ದರೆ ಅರ್ಜಿಯ ಕೊನೆಯ ದಿನಕ್ಕೆ ಅರ್ಹತೆ ಕೈಯಲ್ಲಿರಬೇಕು, ಸಂದರ್ಶನದ ದಿನಕ್ಕಲ್ಲ. ಅಂಕದ ತಕರಾರಿಗೆ ಒರಿಸ್ಸಾ ಲೋಕಸೇವಾ ಆಯೋಗ ವಿರುದ್ಧ ರೂಪಶ್ರೀ ಚೌಧರಿ, 2011: ನಿಯಮದಲ್ಲಿ ಇಲ್ಲದಿದ್ದರೆ ಭಿನ್ನಾಂಶವನ್ನು ಮೇಲಕ್ಕೆ ಪೂರ್ಣಾಂಕ ಮಾಡುವಂತಿಲ್ಲ. ಶೇ 54.8 ಇದ್ದವರು ಇದನ್ನು ಓದಿಯೇ ಮುಂದುವರಿಯಬೇಕು. ಆದರೆ ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಯುಜಿಸಿ ಶೇ 5ರಷ್ಟು ಸಡಿಲಿಕೆ ಕೊಟ್ಟಿದೆ. 1991ರ ಸೆಪ್ಟೆಂಬರ್ 19ಕ್ಕಿಂತ ಮೊದಲು ಸ್ನಾತಕೋತ್ತರ ಪದವಿ ಪಡೆದ ಪಿಎಚ್‌.ಡಿ.ಯವರಿಗೂ ಅಷ್ಟೇ ಸಡಿಲಿಕೆ ಇದೆ.

ಈಗ ಸೇವೆಯ ಅಪಾಯದ ಜಾಗಕ್ಕೆ ಬರೋಣ. ಪೋರ್ಟಲ್ ತೀರ್ಪು ಕೊಡುತ್ತದೆ, ಆ ತೀರ್ಪಿನ ಹಿಂದಿದ್ದ ನಿಯಮ ಆಮೇಲೆ ಬದಲಾಯಿತೇ ಎಂದು ಹೇಳುವುದಿಲ್ಲ. ಪಿ. ಸುಶೀಲಾ ವಿರುದ್ಧ ಯುಜಿಸಿ, 2015, ಇದಕ್ಕೆ ತಕ್ಕ ಉದಾಹರಣೆ. 2009ರ ನಿಯಮಕ್ಕೆ ಹೊಂದದ ಹಳೆಯ ಪಿಎಚ್‌.ಡಿ.ಗೆ ನೆಟ್ (ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ವಿನಾಯಿತಿ ಇಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇದೊಂದನ್ನೇ ಓದಿದ ಹಳೆಯ ವಿದ್ಯಾವಾರಿಧಿಗಳು (ಸಂಸ್ಕೃತದ ಪಿಎಚ್‌.ಡಿ. ಪಡೆದವರು) ತಮಗೆ ದಾರಿಯೇ ಇಲ್ಲವೆಂದು ತಿಳಿಯಬಹುದು. ಆದರೆ 2016ರ ತಿದ್ದುಪಡಿ ಮತ್ತು ಆಮೇಲಿನ 2018ರ ನಿಯಮಾವಳಿ, 2009ರ ಜುಲೈ 11ಕ್ಕಿಂತ ಮೊದಲು ನೋಂದಾಯಿಸಿದವರಿಗೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿವೆ: ಪದವಿ ನಿಯತ ಕ್ರಮದ್ದಾಗಿರಬೇಕು, ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಮೌಲ್ಯಮಾಪನ ಮಾಡಿರಬೇಕು, ಮುಕ್ತ ಮೌಖಿಕ ಪರೀಕ್ಷೆ ನಡೆದಿರಬೇಕು, ಎರಡು ಸಂಶೋಧನಾ ಲೇಖನ ಪ್ರಕಟವಾಗಿ ಅದರಲ್ಲೊಂದು ಪರಿಶೀಲಿತ ಪತ್ರಿಕೆಯಲ್ಲಿರಬೇಕು, ನಿಯಮದಲ್ಲಿ ಹೇಳಿದ ಸಂಸ್ಥೆಗಳ ನೆರವಿನ ಸಮ್ಮೇಳನಗಳಲ್ಲಿ ಎರಡು ಪ್ರಬಂಧ ಮಂಡಿಸಿರಬೇಕು. ಇಷ್ಟನ್ನೂ ಕುಲಸಚಿವರೋ ಶೈಕ್ಷಣಿಕ ಡೀನರೋ ದೃಢೀಕರಿಸಬೇಕು. ಪಂಡಿತರು ಶಾಸ್ತ್ರಚರ್ಚೆ ನಡೆಸುವ ವಾಕ್ಯಾರ್ಥ ಸಭೆಯಲ್ಲಿ ಮಂಡಿಸಿದ ವಾದ ಎಷ್ಟೇ ಘನವಾಗಿದ್ದರೂ ಈ ಲೆಕ್ಕಕ್ಕೆ ಬರುವುದು ಕಷ್ಟ, ಇದು ಸಂಪ್ರದಾಯದಲ್ಲಿ ಓದಿದವರಿಗೆ ಆಗುತ್ತಿರುವ ನಿಜವಾದ ಅನ್ಯಾಯ. ದೃಢೀಕರಣ ಪತ್ರವನ್ನು ಅರ್ಜಿಗೆ ಮೊದಲೇ ಪಡೆಯಬೇಕು. ಪರಿಶೀಲನೆಯ ವಾರದಲ್ಲಿ ಓಡಾಡಿದರೆ ಕೊನೆಯ ದಿನಾಂಕದ ತಕರಾರು ಎದ್ದೇಳುತ್ತದೆ.

ಪಿಎಚ್‌.ಡಿ. ಕಡ್ಡಾಯವೇ ಎಂಬುದರಲ್ಲೂ ಇದೇ ಗೊಂದಲ. ವಿಶ್ವವಿದ್ಯಾಲಯಗಳ ನೇರ ನೇಮಕಕ್ಕೆ ಅದನ್ನು 2021ರ ಜುಲೈ 1ರಿಂದ ಕಡ್ಡಾಯವೆಂದು ಹೇಳಿ, 2023ರ ಜುಲೈ 1ಕ್ಕೆ ಮುಂದೂಡಿ, ಆ ದಿನದಿಂದ ಐಚ್ಛಿಕ ಮಾಡಿ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಗಳಾದ ಸೆಟ್, ಸ್ಲೆಟ್ ಅನ್ನೇ ಕನಿಷ್ಠ ಅರ್ಹತೆಯಾಗಿ ಉಳಿಸಲಾಯಿತು. ನಡುವಿನ ವರ್ಷಗಳ ತೀರ್ಪನ್ನು ಇಂದಿನ ಅಧಿಸೂಚನೆಗೆ ಹಾಗೇ ಹಚ್ಚಬಾರದು. ನೆಟ್‌ನಲ್ಲಿ ಸಂಸ್ಕೃತಕ್ಕೆ 25 ಮತ್ತು ಪಾರಂಪರಿಕ ಶಾಸ್ತ್ರ ವಿಷಯಗಳಿಗೆ 73 ಎಂಬ ಬೇರೆ ಬೇರೆ ಸಂಕೇತಗಳಿವೆ, ಅಧಿಸೂಚನೆ ಯಾವುದನ್ನು ಕೇಳಿದೆ ಎಂದು ನೋಡಬೇಕು. 2024ರ ಜೂನ್ ಪರೀಕ್ಷೆಯಿಂದ ಫಲಿತಾಂಶದಲ್ಲಿ 'ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ' ಎಂಬ ವರ್ಗವೂ ಇದೆ. ಆ ವರ್ಗದಲ್ಲಿ ತೇರ್ಗಡೆಯಾದವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರಲ್ಲ. ಬೇರೆ ರಾಜ್ಯದ ಸೆಟ್ ಕೂಡ ಹಾಗೆಯೇ: 2002ರ ಜೂನ್ 1ರಿಂದೀಚಿನದಾಗಿದ್ದರೆ ಆ ರಾಜ್ಯದೊಳಗೆ ಮಾತ್ರ ಸಲ್ಲುತ್ತದೆ. ತಿರುಪತಿಯಲ್ಲಿ ಓದಿ ಅಲ್ಲಿನ ಸೆಟ್ ಪಾಸಾಗಿ ಇಲ್ಲಿ ಅರ್ಜಿ ಹಾಕುವವರು ಇದನ್ನು ಗಮನಿಸಬೇಕು, ಇಲ್ಲಿಗೆ ಕರ್ನಾಟಕದ ಕೆ-ಸೆಟ್ ಅಥವಾ ನೆಟ್ ಬೇಕು.

ಯುಜಿಸಿ ನಿಯಮ ರಾಜ್ಯದ ಕಾಲೇಜಿಗೆ ತಾನಾಗಿ ಅನ್ವಯವೇ ಎಂಬುದು ದೊಡ್ಡ ಪ್ರಶ್ನೆ. 2015ರ ಕಲ್ಯಾಣಿ ಮದಿವಾಣನ್ ತೀರ್ಪು ರಾಜ್ಯ ಅದನ್ನು ಅಂಗೀಕರಿಸಿರಬೇಕು ಎಂದಿತು. 2022ರ ಗಂಭೀರ್‌ದಾನ್ ಗಢ್ವಿ ತೀರ್ಪು, ಕುಲಪತಿ ನೇಮಕದ ವಿಷಯದಲ್ಲಿ, ರಾಜ್ಯದ ಕಾಯ್ದೆಗಿಂತ ಯುಜಿಸಿ ನಿಯಮ ಮೇಲು ಎಂದಿತು. ಒಂದನ್ನೇ ಇಟ್ಟುಕೊಂಡು ವಾದ ಕಟ್ಟಿದರೆ ಎದುರಿನವರು ಇನ್ನೊಂದನ್ನು ತರುತ್ತಾರೆ. ಎರಡನ್ನೂ ಓದಿಯೇ ವಕೀಲರ ಬಳಿ ಹೋಗುವುದು ಲೇಸು.

ಈ ಸೇವೆಗಳಲ್ಲಿ ಸಿಗದೇ ಇರುವುದು ಎರಡು, ಮತ್ತು ಅವೇ ಹೆಚ್ಚು ಮುಖ್ಯ. ಮೊದಲನೆಯದು ಆಡಳಿತ ನ್ಯಾಯಮಂಡಳಿಯ ಆದೇಶ. ಸರ್ಕಾರಿ ಸಂಸ್ಕೃತ ಕಾಲೇಜಿನ ಹುದ್ದೆ ರಾಜ್ಯ ಸರ್ಕಾರದ ಹುದ್ದೆ. ಮೈಸೂರಿನ ಮಹಾರಾಜ ಸಂಸ್ಕೃತ ಕಾಲೇಜು, ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜು ಇದೇ ಗುಂಪು. ಇವುಗಳ ನೇಮಕದ ತಕರಾರು ಮೊದಲು ಹೋಗಬೇಕಾದದ್ದು ಕೆಎಟಿಗೆ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ), 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 19ನೇ ಕಲಮಿನಡಿ. 1997ರ ಎಲ್. ಚಂದ್ರಕುಮಾರ್ ತೀರ್ಪಿನಂತೆ ಆಮೇಲಷ್ಟೇ ಹೈಕೋರ್ಟಿನ ವಿಭಾಗೀಯ ಪೀಠ. ನೇರವಾಗಿ ಹೈಕೋರ್ಟಿಗೆ ಹೋದರೆ ಅರ್ಜಿ ವಾಪಸಾಗಿ ತಿಂಗಳುಗಳು ಹಾಳು. ಕೆಎಟಿಯ ಆದೇಶಗಳು ಹೈಕೋರ್ಟ್ ತೀರ್ಪು ಪೋರ್ಟಲ್‌ನಲ್ಲಿ ಬರುವುದಿಲ್ಲ, ಅದರದೇ ಜಾಲತಾಣದಲ್ಲಿ ಹುಡುಕಬೇಕು. ಪೋರ್ಟಲ್‌ನಲ್ಲಿ ಸಂಸ್ಕೃತ ಉಪನ್ಯಾಸಕರ ಪ್ರಕರಣ ಕಡಿಮೆ ಕಂಡಿತೆಂದರೆ ವ್ಯಾಜ್ಯ ಕಡಿಮೆ ಎಂದಲ್ಲ. ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾಲಯದ ಸ್ವಂತ ಹುದ್ದೆ, ಅನುದಾನಿತ ಕಾಲೇಜಿನ ಹುದ್ದೆಯ ತಕರಾರಾದರೆ ಹೈಕೋರ್ಟಿನ ರಿಟ್ ಅರ್ಜಿಯೇ ದಾರಿ.

ಎರಡನೆಯದು ವೃಂದ ಮತ್ತು ನೇಮಕಾತಿ ನಿಯಮ ಹಾಗೂ ಸಮಾನತೆಯ ಆದೇಶ. ಪ್ರಕರಣ ಗೆಲ್ಲುವುದೂ ಸೋಲುವುದೂ ಈ ಎರಡು ಕಾಗದಗಳ ಮೇಲೆ. ಇವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಬೇಕು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ನೇಮಕಾತಿ ನಿಯಮಕ್ಕೆ ಒಂದು, ಸಮಾನತೆಯ ಆದೇಶಕ್ಕೆ ಇನ್ನೊಂದು, ಆಯ್ಕೆ ಸಮಿತಿಯ ನಡವಳಿಗೆ ಮತ್ತೊಂದು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿಗೆ ಇನ್ನೂ 30 ದಿನ ಇದೆ. 'ಅರ್ಹತೆ ಇದೆಯೇ ತಿಳಿಸಿ' ಎಂದು ಅಭಿಪ್ರಾಯ ಕೇಳಬೇಡಿ, ಅದಕ್ಕೆ ಉತ್ತರ ಕೊಡುವ ಬಾಧ್ಯತೆ ಅವರಿಗಿಲ್ಲ. ದಾಖಲೆಯ ಪ್ರತಿ ಕೇಳಿ.

ಆ್ಯಪ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ದಿನಾಂಕ, ಮಧ್ಯಂತರ ಆದೇಶ ಕಾಣುತ್ತದೆ. ಅದೇ ಅಧಿಸೂಚನೆಯ ಮೇಲೆ ಬೇರೆಯವರು ಹಾಕಿದ ಅರ್ಜಿಗೆ ತಡೆಯಾಜ್ಞೆ ಸಿಕ್ಕಿದೆಯೇ ಎಂದು ನೋಡಲು ನೇಮಕ ಪ್ರಾಧಿಕಾರದ ಹೆಸರನ್ನು ಪಕ್ಷಗಾರರ ಹುಡುಕಾಟದಲ್ಲಿ ಕೊಟ್ಟು ವರ್ಷ ಆರಿಸಿದರಾಯಿತು.

ಡಿಜಿ-ಎಸ್‌ಸಿಆರ್‌ನಲ್ಲಿ ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ವಿಷಯ ತಿಳಿಯಲು ಉಪಯುಕ್ತ. ಆದರೆ ಅಧಿಕೃತ ಪಠ್ಯ ಇಂಗ್ಲಿಷಿನದೇ, ಅರ್ಜಿಯಲ್ಲಿ ಉಲ್ಲೇಖಿಸುವಾಗ ಅದನ್ನೇ ಬಳಸಬೇಕು. ಹಾಗೆಯೇ ಪೋರ್ಟಲ್‌ನಿಂದ ಇಳಿಸಿದ ಪ್ರತಿ ಓದಲು, ಪೂರ್ವನಿದರ್ಶನವಾಗಿ ತೋರಿಸಲು ಸಾಕು. ಮೇಲ್ಮನವಿ ಹೂಡುವ ಆದೇಶಕ್ಕೆ ಮಾತ್ರ ದೃಢೀಕೃತ ನಕಲು ಬೇಕು.

ಒಟ್ಟಿನಲ್ಲಿ ಡಿಜಿ-ಎಸ್‌ಸಿಆರ್‌ಗೆ ಐದರಲ್ಲಿ ನಾಲ್ಕೂವರೆ, ಹೈಕೋರ್ಟ್ ಪೋರ್ಟಲ್‌ಗೆ ಕಾಗುಣಿತದ ಕಾರಣ ಮೂರು, ಆ್ಯಪ್‌ಗೆ ನಾಲ್ಕು. ಹಿಂಬರಹ ಕೈಗೆ ಬಂದವರು ಹುಡುಕಾಟದಲ್ಲೇ ಕಾಲ ಕಳೆಯಬಾರದು. ಕೆಎಟಿಗೆ ಅರ್ಜಿ ಹಾಕಲು 21ನೇ ಕಲಮಿನಡಿ ಸಾಮಾನ್ಯವಾಗಿ ಒಂದು ವರ್ಷ ಇದ್ದರೂ, ಆಯ್ಕೆಯಾದವರು ಕೆಲಸಕ್ಕೆ ಸೇರಿದ ಮೇಲೆ ಪರಿಹಾರ ಕಷ್ಟವಾಗುತ್ತದೆ. ರೇಖಾ ಚತುರ್ವೇದಿ ಪ್ರಕರಣದಲ್ಲಿ ಆಯ್ಕೆಯ ಕ್ರಮ ತಪ್ಪೆಂದು ಹೇಳಿಯೂ, ವರ್ಷಗಳು ಕಳೆದಿದ್ದವೆಂದು ಸುಪ್ರೀಂ ಕೋರ್ಟ್ ನೇಮಕಗಳನ್ನು ಕದಲಿಸಲಿಲ್ಲ. ಕರಡು ಆಯ್ಕೆ ಪಟ್ಟಿ ಹೊರಬಿದ್ದು ಆಕ್ಷೇಪಣೆಗೆ ಕೊಟ್ಟ ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಆಯ್ಕೆ ಪಟ್ಟಿಯಲ್ಲಿರುವವರನ್ನು ಪಕ್ಷಗಾರರನ್ನಾಗಿ ಸೇರಿಸದೆ ಅರ್ಜಿ ಹಾಕಿದರೆ ಆ ಒಂದೇ ಕಾರಣಕ್ಕೆ ಅದು ಬಿದ್ದುಹೋಗಬಹುದು.